ಫೀನಿಕ್ಸ್: ಮರಳುಗಾಡಿನ ಮಹಾನಗರದಲ್ಲಿ ಲಾಭ ಯಾರಿಗೆ, ಬಾಯಾರಿಕೆ ಯಾರಿಗೆ?

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಫೀನಿಕ್ಸ್ ಎಂಬ ನಗರವಿದೆ. ಕಂಪ್ಯೂಟರ್ ಚಿಪ್ ತಯಾರಿಸುವ ದೊಡ್ಡ ಕಾರ್ಖಾನೆಗಳು ಅದರ ಸುತ್ತಮುತ್ತ ಇವೆ. ಅಲ್ಲಿ ದುಡಿಯುವ ಎಂಜಿನಿಯರ್‌ಗಳಲ್ಲಿ ಕನ್ನಡಿಗರೂ ಇದ್ದಾರೆ. ಮಗನೋ ಮಗಳೋ ಅಲ್ಲಿ ಮನೆ ಕೊಳ್ಳುತ್ತೇವೆ ಎಂದರೆ ಊರಿನ ಹಿರಿಯರು ಮೊದಲು ಕೇಳುವುದು ಒಂದೇ ಮಾತು: "ಅಲ್ಲಿ ನೀರಿಗೆ ಹೇಗೆ?"

ಆ ಪ್ರಶ್ನೆ ಸರಿಯಾದದ್ದೇ. ಫೀನಿಕ್ಸ್ ಇರುವುದು ಮರಳುಗಾಡಿನಲ್ಲಿ. ಅಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 200 ಮಿ.ಮೀ. ಕೂಡ ಮುಟ್ಟುವುದಿಲ್ಲ. ಮಳೆ ಕಡಿಮೆ ಎಂದೇ ಹೆಸರಾದ ನಮ್ಮ ಚಳ್ಳಕೆರೆಯಲ್ಲೂ ಅದರ ಎರಡು ಪಟ್ಟು ಬೀಳುತ್ತದೆ. ಆದರೂ 2020ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ 16 ಲಕ್ಷ ದಾಟಿತ್ತು. ಸುತ್ತಲಿನ ಪಟ್ಟಣಗಳನ್ನೂ ಸೇರಿಸಿದರೆ ಸುಮಾರು 48 ಲಕ್ಷ. ಅಮೆರಿಕದ ಐದನೇ ದೊಡ್ಡ ನಗರ ಅದು.

ಇಂಥ ಊರಿನಲ್ಲಿ ಬದುಕುವುದು ಒಳ್ಳೆಯದೋ ಕೆಟ್ಟದ್ದೋ? ಇದಕ್ಕೆ ಉತ್ತರ ಹುಡುಕಲು ನಾವು ಆ ನಗರದ ಚರಿತ್ರೆಯನ್ನೇ ನೋಡಿದೆವು. ನಾಲೆ ನೀರಾವರಿ ಕಂಡವರಿಗೆ ಆ ಕಥೆ ಬೇಗ ಅರ್ಥವಾಗುತ್ತದೆ. ನಾಲೆಯ ಮೇಲ್ಭಾಗದವನ ಗದ್ದೆ ತುಂಬಿ ಹರಿಯುತ್ತಿದ್ದರೆ ಕೊನೆಭಾಗದವನ ಹೊಲ ಬಿರುಕು ಬಿಟ್ಟಿರುತ್ತದೆ. ಫೀನಿಕ್ಸ್‌ನ ಕಥೆಯೂ ಇದೇ.

ಹಳೆಯ ಕಾಲುವೆಯ ಮೇಲೆ ಹೊಸ ಊರು

ಫೀನಿಕ್ಸ್ ಪಕ್ಕದಲ್ಲಿ ಸಾಲ್ಟ್ ಎಂಬ ನದಿ ಇದೆ. ಅದು ಹಿಲಾ ಎಂಬ ಇನ್ನೊಂದು ನದಿಯನ್ನು ಸೇರುತ್ತದೆ. ಈ ನದಿಗಳ ದಡದಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಒಂದು ಸಮುದಾಯ ಬೇಸಾಯ ಮಾಡುತ್ತಿತ್ತು. ಚರಿತ್ರೆಕಾರರು ಅವರನ್ನು ಹೊಹೊಕಾಮ್ ಎಂದು ಕರೆಯುತ್ತಾರೆ. ಎತ್ತಿಲ್ಲ, ಕಬ್ಬಿಣದ ಗುದ್ದಲಿಯಿಲ್ಲ. ಕಲ್ಲು ಮತ್ತು ಮರದ ಸಲಕರಣೆಗಳಿಂದಲೇ ಅವರು ನೂರಾರು ಕಿ.ಮೀ. ಕಾಲುವೆ ತೋಡಿದ್ದರು. ಮೆಕ್ಕೆಜೋಳ, ಬೀನ್ಸ್, ಕುಂಬಳ, ಹತ್ತಿ ಬೆಳೆಯುತ್ತಿದ್ದರು.

ಸುಮಾರು 1450ರ ಹೊತ್ತಿಗೆ ಆ ಕಾಲುವೆಗಳು ಪಾಳು ಬಿದ್ದವು. ಪ್ರವಾಹವೇ, ಬರವೇ, ನೆಲಕ್ಕೆ ಉಪ್ಪು ಏರಿದ್ದೇ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಜನ ಮಾತ್ರ ಪೂರ್ತಿ ಅಳಿಯಲಿಲ್ಲ. ಹಿಲಾ ನದಿಯ ಅಕಿಮೆಲ್ ಓಧಮ್ ಜನ, ಅಂದರೆ 'ನದಿಯ ಜನ', ಅವರನ್ನು ತಮ್ಮ ಪೂರ್ವಜರೆಂದೇ ಹೇಳುತ್ತಾರೆ. ಬಿಳಿಯರು ಇವರಿಗೆ ಇಟ್ಟ ಹೆಸರು ಪೀಮಾ.

1867ರಲ್ಲಿ ಜ್ಯಾಕ್ ಸ್ವಿಲ್ಲಿಂಗ್ ಎಂಬ ಬಿಳಿಯ ಅಲ್ಲಿಗೆ ಬಂದ. ಹಳೆಯ ಕಾಲುವೆಗಳ ಗುರುತು ನೋಡಿ, ಇವನ್ನೇ ಮತ್ತೆ ತೋಡಿದರೆ ಬೇಸಾಯ ಮಾಡಬಹುದು ಎಂದು ಲೆಕ್ಕ ಹಾಕಿ ಕಾಲುವೆ ಕಂಪನಿ ಕಟ್ಟಿದ. ಹತ್ತಿರದ ಸೈನಿಕ ಠಾಣೆಗೆ ಧಾನ್ಯ ಮತ್ತು ಮೇವು ಮಾರುವುದು ವ್ಯಾಪಾರ. ಹಳೆಯ ಊರಿನ ಬೂದಿಯಿಂದ ಹೊಸ ಊರು ಏಳುತ್ತಿದೆ, ಬೂದಿಯಿಂದ ಮರುಹುಟ್ಟು ಪಡೆಯುವ ಪುರಾಣದ ಹಕ್ಕಿಯ ಹೆಸರಿಡೋಣ ಎಂದು ಡಾರೆಲ್ ಡುಪ್ಪಾ ಎಂಬ ಇಂಗ್ಲಿಷಿನವನು ಸೂಚಿಸಿದ ಎನ್ನುತ್ತಾರೆ. ಆ ಹಕ್ಕಿಯೇ ಫೀನಿಕ್ಸ್.

ಮೊದಲು ಬತ್ತಿದ್ದು ಯಾರ ಹೊಲ?

ಬಿಳಿಯರು ಬಂದ ಹೊಸದರಲ್ಲಿ ಅವರಿಗೆ ಗೋಧಿ ಮಾರುತ್ತಿದ್ದವರು ಈ ಅಕಿಮೆಲ್ ಓಧಮ್ ರೈತರೇ. ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಹೊರಟ ಸಾವಿರಾರು ದಾರಿಹೋಕರ ಹೊಟ್ಟೆಗೂ ಅವರ ಧಾನ್ಯವೇ ಬೀಳುತ್ತಿತ್ತು. ಆದರೆ 1870ರ ನಂತರ ಹಿಲಾ ನದಿಯ ಮೇಲ್ಭಾಗದಲ್ಲಿ ಹೊಸ ರೈತರು ಕಾಲುವೆ ತೋಡಿ ನೀರು ತಿರುಗಿಸಿಕೊಂಡರು. ಕೆಳಗೆ ನದಿ ಬತ್ತಿತು. ತಲೆತಲಾಂತರದ ಬೇಸಾಯಗಾರರು ಹಸಿವಿಗೆ ಬಿದ್ದರು. ಸರ್ಕಾರ ಕೊಡುವ ಮೈದಾ, ಕೊಬ್ಬುಗಳ ಪಡಿತರದ ಮೇಲೆ ಬದುಕಬೇಕಾಯಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಸಕ್ಕರೆ ಕಾಯಿಲೆ ಇರುವ ಸಮುದಾಯಗಳಲ್ಲಿ ಅವರದೂ ಒಂದು.

ಇತ್ತ ಫೀನಿಕ್ಸ್‌ನ ರೈತರಿಗೂ ನೆಮ್ಮದಿ ಇರಲಿಲ್ಲ. 1891ರಲ್ಲಿ ಸಾಲ್ಟ್ ನದಿಗೆ ಭಾರಿ ಪ್ರವಾಹ ಬಂತು. ಆ ದಶಕದ ಕೊನೆಯಲ್ಲಿ ಬರ. 1903ರಲ್ಲಿ ಕಣಿವೆಯ ರೈತರು ಒಂದು ಸಂಘ ಕಟ್ಟಿದರು. ತಮ್ಮ ಜಮೀನನ್ನೇ ಅಡವಿಟ್ಟು ಸರ್ಕಾರದ ಸಾಲದಿಂದ ಅಣೆಕಟ್ಟೆ ಕಟ್ಟಿಸಿಕೊಂಡರು. ಅದೇ ರೂಸ್‌ವೆಲ್ಟ್ ಅಣೆಕಟ್ಟೆ. ಕಲ್ಲಿನ ಕಟ್ಟೆ, 85 ಮೀಟರ್ ಎತ್ತರ. 1911ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಇಲ್ಲಿ ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು.

ಆದರೆ ನೀರಿನ ಹಕ್ಕಿಗೆ ಅಲ್ಲಿನ ಕಾನೂನು ಬೇರೆ. ಮೊದಲು ಬಂದು ನೀರು ಬಳಸಿದವನಿಗೆ ಮೊದಲ ಹಕ್ಕು. ಬರ ಬಂದರೆ ಕೊನೆಗೆ ಬಂದವನ ತೂಬು ಮೊದಲು ಮುಚ್ಚುತ್ತಾರೆ. ಆ ಲೆಕ್ಕದಲ್ಲಿ ಎಲ್ಲರಿಗಿಂತ ಮೊದಲು ಅಲ್ಲಿದ್ದ ಓಧಮ್ ಜನರೇ ಸಾಲಿನ ತಲೆಯಲ್ಲಿರಬೇಕಿತ್ತು. ಕಾಗದದಲ್ಲಿ ಹಕ್ಕಿದ್ದರೂ ಕಾಲುವೆಯಲ್ಲಿ ನೀರು ಬರಲಿಲ್ಲ. ಅದಕ್ಕಾಗಿ ಅವರು ಸುಮಾರು ನೂರು ವರ್ಷ ಹೋರಾಡಿದರು. 2004ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಅವರಿಗೆ ವರ್ಷಕ್ಕೆ ಸುಮಾರು 28 ಟಿಎಂಸಿ ನೀರಿನ ಹಕ್ಕು ಕೊಟ್ಟಿತು.

ತಣ್ಣನೆ ಗಾಳಿಯ ಪೆಟ್ಟಿಗೆ ಬಂದ ಮೇಲೆ

1950ರಲ್ಲಿ ಫೀನಿಕ್ಸ್ ಸುಮಾರು ಒಂದು ಲಕ್ಷ ಜನರ, 44 ಚದರ ಕಿ.ಮೀ.ನ ಊರು. ಈಗ ಅದರ ವಿಸ್ತೀರ್ಣ ಸುಮಾರು 1,340 ಚದರ ಕಿ.ಮೀ. ಇಷ್ಟು ಬೆಳೆಸಿದ್ದು ಏನು?

ಒಂದು, ಎರಡನೇ ಮಹಾಯುದ್ಧ. ವರ್ಷವಿಡೀ ಮೋಡವಿಲ್ಲದ ಆಕಾಶವಿದ್ದುದರಿಂದ ಪೈಲಟ್‌ಗಳ ತರಬೇತಿಗೆ ಅಲ್ಲಿ ವಿಮಾನ ನೆಲೆಗಳು ಬಂದವು. ಯುದ್ಧ ಮುಗಿದ ಮೇಲೆ ಮೊಟೊರೊಲಾದಂಥ ಎಲೆಕ್ಟ್ರಾನಿಕ್ಸ್ ಕಂಪನಿಗಳು ಬಂದವು. ಎರಡು, ಏರ್ ಕಂಡೀಷನರ್. ಅದಕ್ಕೂ ಮುಂಚೆ ಬೇಸಿಗೆಯಲ್ಲಿ ಜನ ಜಗುಲಿಯಲ್ಲಿ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದರು. ಮನೆಮನೆಗೆ ಎಸಿ ಬಂದ ಮೇಲೆ ಬೇಸಿಗೆಯನ್ನು ಒಳಗೆ ಕೂತೇ ಕಳೆಯಬಹುದಾಯಿತು. ಮೂರು, ಅಗ್ಗದ ನೆಲ. ನಾಲೆಯ ಹೊಲಗಳು ಒಂದೊಂದಾಗಿ ಲೇಔಟ್ ಆದವು.

1960ರ ಜನವರಿ 1ರಂದು ಡೆಲ್ ವೆಬ್ ಎಂಬ ಗುತ್ತಿಗೆದಾರ ನಗರದಾಚೆ 'ಸನ್ ಸಿಟಿ' ಎಂಬ ಬಡಾವಣೆ ತೆರೆದ. ನಿವೃತ್ತರಿಗಾಗಿಯೇ ಕಟ್ಟಿದ ಊರು. ಮೊದಲ ಮೂರು ದಿನದಲ್ಲೇ ನೋಡಲು ಬಂದವರು ಸುಮಾರು ಒಂದು ಲಕ್ಷ ಜನ. ಹಿಮ ಗೋರಿ ಗೋರಿ ಸಾಕಾಗಿದ್ದ ಉತ್ತರದ ರಾಜ್ಯಗಳ ವೃದ್ಧರಿಗೆ ಚಳಿಗಾಲದ ಆ ಎಳೆಬಿಸಿಲು ಸ್ವರ್ಗದಂತೆ ಕಂಡಿತು.

ಈ ಲಾಭಗಳನ್ನು ನಾವು ಅಲ್ಲಗಳೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಂಬಳದವರಿಗೆ ಸ್ವಂತ ಮನೆ ಕನಸಾದಾಗ ಇಲ್ಲಿ ಅದು ಕೈಗೆ ಸಿಕ್ಕಿತು. ಚಂಡಮಾರುತವಿಲ್ಲ, ಹಿಮಪಾತವಿಲ್ಲ. ಕೆಲಸ ಇದೆ. ನೀರಿನ ಬಳಕೆಯಲ್ಲೂ ಜಾಣತನವಿದೆ. ಹತ್ತಿರದ ಪಾಲೊ ವರ್ಡೆ ಅಣು ವಿದ್ಯುತ್ ಸ್ಥಾವರವನ್ನು ತಂಪಾಗಿಸುವುದು ನಗರದ ಚರಂಡಿ ನೀರನ್ನು ಶುದ್ಧ ಮಾಡಿ. ಒಂದು ಎಕರೆ ಹತ್ತಿಗೆ ಬೇಕಾದಷ್ಟು ನೀರು ಅದೇ ಎಕರೆಯಲ್ಲಿ ಕಟ್ಟಿದ ಮನೆಗಳಿಗೆ ಬೇಡ ಎಂಬುದೂ ನಿಜ.

541 ಕಿ.ಮೀ. ದೂರದ ಹಂಗು

ಆದರೆ ಊರು ಬೆಳೆದಂತೆ ಸಾಲ್ಟ್ ನದಿಯ ನೀರು ಸಾಲಲಿಲ್ಲ. ಎಲ್ಲೆಡೆ ಬೋರ್‌ವೆಲ್ ಕೊರೆದರು. ಅಂತರ್ಜಲ ಇಳಿದು ಅರಿಜೋನಾದ ಕೆಲವೆಡೆ ನೆಲವೇ ಅಡಿಗಟ್ಟಲೆ ಕುಸಿಯಿತು, ಹೊಲಗಳಲ್ಲಿ ಉದ್ದುದ್ದ ಬಿರುಕು ಬಿಟ್ಟಿತು.

ಪರಿಹಾರವಾಗಿ ಕಂಡದ್ದು ದೂರದ ಕೊಲೊರಾಡೊ ನದಿ. ಅದರ ನೀರನ್ನು ಏಳು ರಾಜ್ಯಗಳಿಗೆ ಹಂಚುವ ಒಪ್ಪಂದ 1922ರಲ್ಲೇ ಆಗಿತ್ತು. ಆದರೆ ಮಳೆ ಚೆನ್ನಾಗಿ ಬಿದ್ದ ವರ್ಷಗಳ ಅಳತೆ ಹಿಡಿದು ಹಂಚಿದ್ದರು. ನದಿಯಲ್ಲಿ ಇರುವುದಕ್ಕಿಂತ ಹೆಚ್ಚು ನೀರು ಕಾಗದದಲ್ಲಿ ಹರಿಯಿತು. ಅಲ್ಲಿಂದ ಅರಿಜೋನಾ ನಡುವಿಗೆ ನೀರು ತರುವ ಯೋಜನೆಗೆ 1968ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲಸ ಶುರುವಾದದ್ದು 1973ರಲ್ಲಿ, ಮುಗಿದದ್ದು 1993ರಲ್ಲಿ. ನಾಲೆಯ ಉದ್ದ 541 ಕಿ.ಮೀ. ದಾರಿಯುದ್ದಕ್ಕೂ ಪಂಪ್ ಮಾಡಿ ಒಟ್ಟು 850 ಮೀಟರ್‌ಗೂ ಹೆಚ್ಚು ಎತ್ತಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಭಾರಿ ಏತ ನೀರಾವರಿ.

ಆ ಪಂಪ್‌ಗಳಿಗೆ ಕರೆಂಟ್ ಬಂದದ್ದು ನವಾಹೋ ಎಂಬ ಬುಡಕಟ್ಟಿನವರ ನೆಲದಲ್ಲಿದ್ದ ಕಲ್ಲಿದ್ದಲು ಸ್ಥಾವರದಿಂದ. 2019ರಲ್ಲಿ ಅದು ಮುಚ್ಚುವವರೆಗೂ ಹೊಗೆ ಅವರ ಆಕಾಶಕ್ಕೆ, ನೀರು ಫೀನಿಕ್ಸ್‌ಗೆ. ಅದೇ ನವಾಹೋ ನೆಲದ ಸಾವಿರಾರು ಮನೆಗಳಿಗೆ ಕರೆಂಟೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ.

ಇನ್ನೊಂದು ಷರತ್ತು ಆ 1968ರ ಕಾನೂನಿನಲ್ಲೇ ಇತ್ತು. ಯೋಜನೆಗೆ ಕ್ಯಾಲಿಫೋರ್ನಿಯಾದ ಸಂಸದರ ಬೆಂಬಲ ಬೇಕಿತ್ತು. ಅದಕ್ಕೆ ಬದಲಾಗಿ, ನದಿಯಲ್ಲಿ ಕೊರತೆ ಬಿದ್ದರೆ ಮೊದಲು ಈ ಹೊಸ ನಾಲೆಯ ನೀರನ್ನೇ ಕಡಿತ ಮಾಡಬೇಕು, ಕ್ಯಾಲಿಫೋರ್ನಿಯಾದ ಪಾಲು ಆಮೇಲೆ ಎಂದು ಒಪ್ಪಿಕೊಂಡರು. ಅಂದರೆ ಬೇರೆಯವರನ್ನು ಕೊನೆಭಾಗಕ್ಕೆ ತಳ್ಳಿ ಬೆಳೆದ ನಾಡು ಕೊಲೊರಾಡೊ ನದಿಯಲ್ಲಿ ತಾನೇ ಕೊನೆಭಾಗದ ರೈತನಾಯಿತು. 2022ರಲ್ಲಿ ಮೊದಲ ಅಧಿಕೃತ ಕಡಿತ ಬಂತು. ನಗರದ ನಲ್ಲಿಗಳು ನಿಲ್ಲಲಿಲ್ಲ. ನೀರು ನಿಂತದ್ದು ದಕ್ಷಿಣದ ಪಿನಾಲ್ ಕೌಂಟಿಯ ಹತ್ತಿ, ಮೇವಿನ ಹೊಲಗಳಿಗೆ.

ಟ್ಯಾಂಕರ್ ನಿಂತ ಬಡಾವಣೆ

ಅರಿಜೋನಾ ಒಂದು ಒಳ್ಳೆಯ ಕಾನೂನು ಮಾಡಿತ್ತು. ಅಂತರ್ಜಲಕ್ಕೆ ಲಗಾಮು ಹಾಕದಿದ್ದರೆ ನಾಲೆಗೆ ಹಣವಿಲ್ಲ ಎಂದು ಕೇಂದ್ರ ಸರ್ಕಾರ ಗದರಿಸಿದ ಮೇಲೆ 1980ರಲ್ಲಿ ಬಂದದ್ದು ಅದು. ಫೀನಿಕ್ಸ್ ಸುತ್ತ ಹೊಸ ಲೇಔಟ್ ಮಾಡುವವರು 100 ವರ್ಷಕ್ಕೆ ಸಾಕಾಗುವ ನೀರನ್ನು ತೋರಿಸಬೇಕು. ಬೋರ್‌ವೆಲ್ ಬತ್ತಿದ ಮೇಲೆ ಪಂಚಾಯಿತಿ ಮುಂದೆ ಕೊಡ ಹಿಡಿದು ನಿಲ್ಲುವ ನಮಗೆ ಇದು ಬೆರಗಿನ ಮಾತೇ.

ಆದರೆ ಕಾನೂನಿನಲ್ಲಿ ಕಿಂಡಿ ಇತ್ತು. ಜಮೀನನ್ನು ಆರಕ್ಕಿಂತ ಕಡಿಮೆ ತುಂಡು ಮಾಡಿ ಮಾರಿದರೆ ನೀರು ತೋರಿಸಬೇಕಾಗಿಲ್ಲ. ರಿಯೊ ವರ್ಡೆ ಫುಟ್‌ಹಿಲ್ಸ್ ಎಂಬಲ್ಲಿ ಹೀಗೆ ತುಂಡು ತುಂಡಾಗಿ ದೊಡ್ಡ ಬಡಾವಣೆಯೇ ಎದ್ದಿತು. ಅಲ್ಲಿನ ನೂರಾರು ಮನೆಗಳಿಗೆ ಪಕ್ಕದ ಸ್ಕಾಟ್ಸ್‌ಡೇಲ್ ನಗರದಿಂದ ಟ್ಯಾಂಕರ್ ನೀರು ಬರುತ್ತಿತ್ತು. 2023ರ ಜನವರಿ 1ರಿಂದ ಆ ನಗರ ನೀರು ಕೊಡುವುದನ್ನು ನಿಲ್ಲಿಸಿತು. ಕೋಟಿಗಟ್ಟಲೆ ಬೆಲೆಯ ಮನೆಗಳವರು ಮಳೆನೀರು ಹಿಡಿದು ಶೌಚಾಲಯಕ್ಕೆ ಬಳಸಿದರು. ತಿಂಗಳುಗಳ ಕಾಲ ಪರದಾಡಿದ ಮೇಲೆ ತಾತ್ಕಾಲಿಕ ವ್ಯವಸ್ಥೆಯಾಯಿತು. ಅದೇ ವರ್ಷ ಜೂನ್‌ನಲ್ಲಿ ರಾಜ್ಯ ಸರ್ಕಾರ, ಬರೀ ಅಂತರ್ಜಲ ನಂಬಿದ ಹೊಸ ಲೇಔಟ್‌ಗಳಿಗೆ ಫೀನಿಕ್ಸ್ ಸುತ್ತ ಇನ್ನು ಪ್ರಮಾಣಪತ್ರವಿಲ್ಲ ಎಂದಿತು.

ಬಿಸಿಲಿಗೂ ಬಡವ ಬಲ್ಲಿದ ಗೊತ್ತು

ಆ 2023ರ ಬೇಸಿಗೆಯಲ್ಲಿ ಫೀನಿಕ್ಸ್ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತು. ಡಾಂಬರು, ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಉಗುಳುತ್ತವೆ. ಸತತ 16 ರಾತ್ರಿ ತಾಪ 32 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಆ ವರ್ಷ ಬಿಸಿಲಿನ ಕಾರಣಕ್ಕೆ 645 ಜನ ಸತ್ತರು. ಅವರಲ್ಲಿ ಅರ್ಧದ ಹತ್ತಿರ ಮನೆಯಿಲ್ಲದವರು. ಮನೆಯೊಳಗೆ ಸತ್ತವರ ಪೈಕಿ ಬಹುತೇಕರ ಎಸಿ ಕೆಟ್ಟಿತ್ತು. 2024ರಲ್ಲೂ ಸಾವು 600 ದಾಟಿತು.

ಊರಿನ ಒಳಗೂ ಮೇಲ್ಭಾಗ, ಕೊನೆಭಾಗ ಇವೆ. ಮೆಕ್ಸಿಕೊ ಮೂಲದವರು, ಕಪ್ಪು ಜನ ಬಹುಕಾಲ ರೈಲು ಹಳಿಯ ದಕ್ಷಿಣಕ್ಕೇ ಮನೆ ಮಾಡಬೇಕಿತ್ತು. ಅಲ್ಲಿ ಮರ ಕಡಿಮೆ, ಧಗೆ ಹೆಚ್ಚು. ಉತ್ತರದ ಸಿರಿವಂತರ ಬೀದಿಗಳಲ್ಲಿ ನೆರಳಿದೆ. ನಗರ ಹರಡಿಕೊಂಡಿರುವುದರಿಂದ ಕಾರಿಲ್ಲದವರು ಬಸ್ಸಿಗಾಗಿ ಬಿಸಿಲಲ್ಲೇ ಕಾಯಬೇಕು. 2018ರಲ್ಲಿ ಬಿಲ್ ಬಾಕಿಗಾಗಿ ಕರೆಂಟ್ ಕಡಿದ ಮನೆಯಲ್ಲಿ ವೃದ್ಧೆಯೊಬ್ಬರು ಧಗೆಯಿಂದ ಸತ್ತರು. ಅದು ಬಯಲಾದ ಮೇಲೆ, ಬೇಸಿಗೆಯಲ್ಲಿ ಬಾಕಿಗಾಗಿ ಕರೆಂಟ್ ಕಡಿಯಬಾರದು ಎಂಬ ನಿಯಮ ಬಂತು.

ಹಾಗಾದರೆ ಲೆಕ್ಕ ಏನು?

ಒಳ್ಳೆಯ ಸಂಬಳ, ಸ್ವಂತ ಮನೆ, ಕೆಡದ ಎಸಿ, ಕಾರು, ನಗರದ ಪೈಪ್‌ಲೈನ್ ನೀರು ಇದ್ದವರಿಗೆ ಫೀನಿಕ್ಸ್ ಬದುಕಲು ಅನುಕೂಲದ ಊರು. ಇವುಗಳಲ್ಲಿ ಒಂದು ತಪ್ಪಿದರೂ ಅದೇ ಊರು ಜೀವಕ್ಕೆ ಅಪಾಯ. ನಮ್ಮ ಹಳ್ಳಿಗಳಲ್ಲಿ ಬಿಸಿಲಿಗೆ ಬೇವಿನ ಮರದ ನೆರಳಾದರೂ ಇದೆ. ಅಲ್ಲಿ ತಂಪನ್ನೂ ಮೀಟರ್ ಲೆಕ್ಕದಲ್ಲಿ ಕೊಳ್ಳಬೇಕು.

ಆದ್ದರಿಂದ ಅಲ್ಲಿ ಮನೆ ಕೊಳ್ಳುವ ಮಕ್ಕಳಿಗೆ ಊರಿನ ಹಿರಿಯರು "ನೀರು ಇದೆಯೇ?" ಎಂದಷ್ಟೇ ಕೇಳಿದರೆ ಸಾಲದು. "ಯಾವ ನದಿಯದು, ಕೊರತೆ ಬಿದ್ದರೆ ಮೊದಲು ಯಾರ ತೂಬು ಮುಚ್ಚುತ್ತಾರೆ?" ಎಂದೂ ಕೇಳಬೇಕು. ಅಲ್ಲಿ ಅದಕ್ಕೆ ಕಾಗದಪತ್ರ ಇರುತ್ತದೆ, ನೋಡಲು ಸಿಗುತ್ತದೆ.

ಒಂದು ಸಂಗತಿ ಮಾತ್ರ ನಮಗೆ ಸಮಾಧಾನ ತಂದಿತು. 2004ರ ಕಾನೂನಿನ ನಂತರ ಅಕಿಮೆಲ್ ಓಧಮ್ ಜನರ ನೆಲಕ್ಕೆ ನೀರು ಮರಳಿದೆ. ಅವರು ಮತ್ತೆ ಬೇಸಾಯ ಮಾಡುತ್ತಿದ್ದಾರೆ. ತಮ್ಮ ಪಾಲಿನ ಒಂದಷ್ಟು ನೀರನ್ನು ಫೀನಿಕ್ಸ್ ಸುತ್ತಲಿನ ನಗರಗಳಿಗೆ ಗುತ್ತಿಗೆಗೆ ಕೊಡುತ್ತಿದ್ದಾರೆ. ಯಾರ ನದಿಯನ್ನು ಬತ್ತಿಸಿದರೋ ಅವರ ಹತ್ತಿರವೇ ಇಂದು ನಗರಗಳು ಹಣ ಕೊಟ್ಟು ನೀರು ಪಡೆಯುತ್ತಿವೆ.