ಸೆಲ್ಲು ಹೋದ್ರೆ ಬ್ಯಾಟ್ರಿ ಎಸೀತಿದ್ರಾ?

ಸಿಂಧನೂರಿನ ಹಳ್ಳಿಗಳಲ್ಲಿ ಟಾರ್ಚಿಗೆ ಟಾರ್ಚ್ ಅನ್ನೋರು ಕಡಿಮೆ. ಅದು ಬ್ಯಾಟ್ರಿ. ಒಳಗೆ ಹಾಕೋದು ಸೆಲ್ಲು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದರೆ, ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೊರಟ ರೈತನ ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಬ್ಯಾಟ್ರಿ. ಬೆಳಕು ಮಂಕಾದರೆ ಸೆಲ್ಲು ತೆಗೆದು ಬಿಸಿಲಿಗಿಡೋರು. ಇನ್ನೆರಡು ರಾತ್ರಿ ನಡೀತಿತ್ತು. ಆಮೇಲೆ ಸಂತೆಯಿಂದ ಹೊಸ ಸೆಲ್ಲು. ಸೆಲ್ಲು ಹೋಯ್ತು ಅಂತ ಬ್ಯಾಟ್ರಿಯನ್ನೇ ಎಸೆದವರನ್ನು ನೀವು ನೋಡಿದ್ದೀರಾ?

ಇವತ್ತು ಅದೇ ರೈತನ ಜೇಬಲ್ಲಿ ಮೊಬೈಲ್ ಇದೆ. ಎರಡು-ಮೂರು ವರ್ಷಕ್ಕೆ ಚಾರ್ಜ್ ಮಧ್ಯಾಹ್ನದವರೆಗೂ ನಿಲ್ಲಲ್ಲ. ಅಂಗಡಿಗೆ ಹೋದರೆ ಒಂದೇ ಉತ್ತರ: "ಅಣ್ಣಾ, ಹೊಸಾದು ತಗೋರಿ, ಇಎಂಐ ಐತಿ." ಈ ಬದಲಾವಣೆ ಬಂದದ್ದು ಹೇಗೆ?

1800ರಲ್ಲಿ ಇಟಲಿಯ ವೋಲ್ಟಾ ಮೊದಲ ಬ್ಯಾಟರಿ ಮಾಡಿದ. 1880ರ ದಶಕದಲ್ಲಿ ಜರ್ಮನಿಯ ಗಾಸ್ನರ್ ಒಣ ಸೆಲ್ ತಂದ. ಟಾರ್ಚು, ರೇಡಿಯೋ ಎಲ್ಲಾ ನಡೆದದ್ದು ಆ ದಾರಿಯಲ್ಲೇ. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟಿತು. 2003ರಲ್ಲಿ ನೋಕಿಯಾ 1100 ಬಂತು. ಹಿಂದಿನ ಮುಚ್ಚಳ ಬೆರಳಲ್ಲೇ ತೆಗೀಬಹುದಿತ್ತು. ಒಳಗೆ ಬಿಎಲ್-5ಸಿ ಬ್ಯಾಟರಿ.

2007ರ ಆಗಸ್ಟ್ ನೆನಪಿದೆಯಾ? ಈ ಬಿಎಲ್-5ಸಿಯ ಒಂದು ಕಂತಿನಲ್ಲಿ ದೋಷವಿದೆ, ಬಿಸಿಯಾಗಬಹುದು ಅಂತ ನೋಕಿಯಾ ಹೇಳಿತು. ಜಗತ್ತಿನಾದ್ಯಂತ 4.6 ಕೋಟಿ ಬ್ಯಾಟರಿ! ಜನ ಗಾಬರಿಯಾದರು ನಿಜ. ಆದರೆ ಬದಲಾಗಿದ್ದು ಬ್ಯಾಟರಿ ಮಾತ್ರ, ಫೋನ್ ಅಲ್ಲ.

ಅದೇ ವರ್ಷ ಆಪಲ್‌ನ ಐಫೋನ್ ಬಂತು. ಬ್ಯಾಟರಿ ಒಳಗೇ ಬಂದ್. ಫೋನು ತೆಳ್ಳಗಿರಬೇಕು, ನೀರು ಹೋಗಬಾರದು ಅಂತ ಕಾರಣ ಕೊಡುತ್ತಾ ಉಳಿದ ಕಂಪನಿಗಳೂ ಹಿಂದೆ ನಡೆದವು. ಬ್ಯಾಟರಿ ಹಳೆಯದಾದರೆ ಫೋನೇ ಹಳೆಯದಾಯ್ತು ಅಂತ ನಾವೂ ನಂಬಿದೆವು. 2017ರ ಡಿಸೆಂಬರ್‌ನಲ್ಲಿ ಸತ್ಯ ಹೊರಬಿತ್ತು. ಬ್ಯಾಟರಿ ಸವೆದ ಹಳೇ ಐಫೋನ್‌ಗಳನ್ನು ನಿಧಾನ ಮಾಡಿದ್ದೆವು ಅಂತ ಆಪಲ್ ಒಪ್ಪಿಕೊಂಡು ಕ್ಷಮೆ ಕೇಳಿತು. ಬದಲಿ ಬ್ಯಾಟರಿಯ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. ಹೊಸ ಬ್ಯಾಟರಿ ಬಿದ್ದ ಕೂಡಲೇ ಹಳೇ ಫೋನು ಮತ್ತೆ ಚುರುಕಾಯ್ತು!

ಯುರೋಪ್ 2023ರಲ್ಲಿ ಕಾನೂನು ಮಾಡಿತು. 2027ರ ಫೆಬ್ರವರಿಯಿಂದ ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು ಅನ್ನೋದು ಅದರ ಮೂಲ ನಿಯಮ. ನಮ್ಮಲ್ಲಿ 2022ರ ನಿಯಮ, ಹಳೇ ಬ್ಯಾಟರಿ ಸಂಗ್ರಹಿಸುವ ಹೊಣೆಯನ್ನು ಕಂಪನಿಗಳ ಮೇಲೆ ಹಾಕಿದೆ. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಕೂಡ ತೆರೆಯಿತು. ಒಳ್ಳೇದೇ. ಆದರೆ ಪೋರ್ಟಲ್ ಬೆಂಗಳೂರಲ್ಲಿ ಓದಿದಷ್ಟು ಸುಲಭವಾಗಿ ಮಸ್ಕಿಯ ಕೂಲಿಕಾರನಿಗೆ ತಲುಪುತ್ತಾ?

ಮಸ್ಕಿ ಅಂದಾಗ ಒಂದು ಮಾತು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಅಲ್ಲಿ ಚಿನ್ನ ಹುಡುಕುತ್ತಾ ಹೋಗಿ ಅಶೋಕನ ಶಾಸನ ಕಂಡ. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಖಚಿತಪಡಿಸಿದ್ದು ಆ ಬಂಡೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೀತಾರೆ. ಒಂದು ಟನ್ ಅದಿರು ಅರೆದರೆ ಸಿಗೋದು ಕೆಲವೇ ಗ್ರಾಂ. ಅದೇ ತಾಲ್ಲೂಕಿನ ಅಮರೇಶ್ವರದ ಬಳಿ ಈಗ ಲಿಥಿಯಂ ಹುಡುಕಾಟ ನಡೆದಿದೆ. ನೆಲದಿಂದ ಲೋಹ ತೆಗೆಯೋದು ಎಷ್ಟು ಕಷ್ಟ ಅಂತ ಈ ಸೀಮೆಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ರೇಷನ್ನಿನ ಓಟಿಪಿ, ಬೆಳೆ ವಿಮೆಯ ಮೆಸೇಜು, ಗುಳೆ ಹೋದ ಮಗನ ಕರೆ, ಎಲ್ಲಾ ಬರೋದು ಆ ಒಂದೇ ಫೋನಿಗೆ. ಹೊಸ ಫೋನಿನ ಸಾಲ ಅಂದರೆ ಎಷ್ಟೋ ದಿನದ ಕೂಲಿ. ಬ್ಯಾಟರಿಗೆ ಬೇಕಾಗೋದು ಅದರ ಸಣ್ಣ ಪಾಲು.

ಒಂದು ಎಚ್ಚರಿಕೆ. ಹಳೇ ಸೆಲ್ಲಿನ ಹಾಗೆ ಇದನ್ನು ಬಿಸಿಲಿಗೆ ಇಡಬೇಡಿ. ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ, ಬಲ್ಲವರ ಕೈಗೆ ಕೊಡಿ. ಮುಂದಿನ ಸಲ ಅಂಗಡಿಯವನು "ಹೊಸಾದು ತಗೋರಿ" ಅಂದರೆ ಒಂದೇ ಮಾತು ಕೇಳಿ: "ತಮ್ಮಾ, ಕೆಟ್ಟಿರೋದು ಫೋನೋ, ಬ್ಯಾಟ್ರಿನೋ?"