ದಖ್ಖಣದ ಸಂಸ್ಥಾನಗಳ ವಿಲೀನವೂ ಕನ್ನಡದ ಎಲ್ಲೆಯೂ

1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದಾಗ ಹೊಸ ಸರಕಾರದ ಮುಂದೆ ಪರಸ್ಪರ ವಿರುದ್ಧವಾದ ಎರಡು ಕಾರ್ಯಗಳು ಏಕಕಾಲಕ್ಕೆ ಬಂದು ನಿಂತವು. ಒಂದು ವಿಭಜನೆ, ಇನ್ನೊಂದು ಜೋಡಣೆ. ಅವಿಭಕ್ತ ಭಾರತದ ಸೈನ್ಯ, ರೈಲ್ವೆ, ದಫ್ತರ, ಬೊಕ್ಕಸದ ಶಿಲ್ಕು ಇವೆಲ್ಲವನ್ನೂ ಪಾಕಿಸ್ತಾನದೊಡನೆ ಪಾಲು ಮಾಡಿಕೊಳ್ಳಬೇಕಾಗಿತ್ತು. ಶಿಲ್ಕಿನಲ್ಲಿ 75 ಕೋಟಿ ರೂಪಾಯಿ ಪಾಕಿಸ್ತಾನದ ಪಾಲೆಂದು ಗೊತ್ತಾಯಿತು. ಪಂಜಾಬದಿಂದಲೂ ಸಿಂಧದಿಂದಲೂ ನಿರಾಶ್ರಿತರು ಲಕ್ಷಗಟ್ಟಲೆಯಾಗಿ ಬರುತ್ತಿದ್ದರು. ಅವರಲ್ಲಿ ಕೆಲವರಿಗೆ ಪುಣೆಯ ಬಳಿಯ ಪಿಂಪರಿಯಲ್ಲಿ ನೆಲೆ ದೊರೆಯಿತು. ಇದೇ ತಿಂಗಳುಗಳಲ್ಲಿಯೇ ಐನೂರಕ್ಕೂ ಮಿಕ್ಕ ದೇಶೀಯ ಸಂಸ್ಥಾನಗಳನ್ನು ಒಂದು ರಾಷ್ಟ್ರದ ಅಂಗಗಳನ್ನಾಗಿ ಮಾಡುವ ಹೊಣೆಯೂ ಸರದಾರ ವಲ್ಲಭಭಾಯಿ ಪಟೇಲರ ಮೇಲೆ ಬಿದ್ದಿತು.

ಈ ಜೋಡಣೆಯ ಇತಿಹಾಸದಲ್ಲಿ ಹೈದರಾಬಾದು, ಜುನಾಗಢ, ಕಾಶ್ಮೀರಗಳ ಹೆಸರು ಎಲ್ಲರಿಗೂ ತಿಳಿದಿದೆ. ದಖ್ಖಣದ ಸಣ್ಣ ಸಂಸ್ಥಾನಗಳ ವಿಲೀನದತ್ತ ಹರಿದ ಗಮನ ಕಡಿಮೆ. ಆದರೆ ಕನ್ನಡ ನಾಡಿನ ಇಂದಿನ ಉತ್ತರದ ಎಲ್ಲೆಯನ್ನು ಅರಿಯಬೇಕಾದರೆ ಈ ವಿಲೀನವನ್ನು ಬಿಟ್ಟು ಮುಂದುವರಿಯುವಂತಿಲ್ಲ.

ಈ ಸಂಸ್ಥಾನಗಳಲ್ಲಿ ಹಲವುಗಳ ಮೂಲ ಪುಣೆಯ ಪೇಶವೆಯರ ಆಳಿಕೆಯಲ್ಲಿದೆ. ಹೈದರಾಲಿಯ ಕಡೆಯಿಂದ ಬರಬಹುದಾದ ದಾಳಿಯನ್ನು ತಡೆಯಲು ಪೇಶವೆಯರು ತಮ್ಮ ಸರದಾರರಾದ ಪಟವರ್ಧನರಿಗೆ ಕೃಷ್ಣೆಯಿಂದ ತುಂಗಭದ್ರೆಯವರೆಗೆ ಅಲ್ಲಲ್ಲಿ ಸರಂಜಾಮುಗಳನ್ನು ಕೊಟ್ಟಿದ್ದರು. ಮುಂದೆ ಮನೆತನ ಕವಲೊಡೆದಂತೆ ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿಗಳು ಬೇರೆ ಬೇರೆಯಾದವು. 1818ರಲ್ಲಿ ಪೇಶವಾಯಿ ಮುಳುಗಿದರೂ ಆಂಗ್ಲರು ಇವುಗಳನ್ನು ಉಳಿಸಿದರು. ಘೋರ್ಪಡೆಯವರ ಮುಧೋಳ, ಭಾವೆ ಮನೆತನದ ರಾಮದುರ್ಗ, ನವಾಬರ ಸವಣೂರು, ಇವು ಇದೇ ಸಾಲಿನ ಬೇರೆ ಮೂಲದ ಸಂಸ್ಥಾನಗಳು. ಸರಂಜಾಮಿನ ಭೂಮಿ ಸೈನ್ಯದ ವೆಚ್ಚಕ್ಕೆಂದು ಕೊಟ್ಟದ್ದಾದುದರಿಂದ ಅದು ಒಂದೇ ಕಡೆ ಇರಬೇಕೆಂಬ ನಿಯಮವಿರಲಿಲ್ಲ. ಆ ಚದುರುವಿಕೆಯೇ ಮುಂದೆ ಆಡಳಿತಕ್ಕೆ ದೊಡ್ಡ ತೊಡಕಾಯಿತು.

ಈ ತೊಡಕಿನ ಪ್ರಮಾಣವನ್ನು ಕೆಲವು ಉದಾಹರಣೆಗಳಿಂದ ತಿಳಿಯಬಹುದು. ಸಾಂಗಲಿಗೆ ಸೇರಿದ ಶಿರಹಟ್ಟಿಯು ರಾಜಧಾನಿಯಿಂದ ನೂರು ಮೈಲಿಗಿಂತಲೂ ದೂರದಲ್ಲಿತ್ತು. ತೇರದಾಳ ಮತ್ತು ಬೆಳಗಾವಿಗೆ ಅಂಟಿಕೊಂಡ ಶಹಾಪುರಗಳೂ ಸಾಂಗಲಿಯವೇ. ಜಮಖಂಡಿಯ ಕುಂದಗೋಳವು ಹುಬ್ಬಳ್ಳಿಯ ಮಗ್ಗುಲಲ್ಲಿತ್ತು. ಲಕ್ಷ್ಮೇಶ್ವರವು ಮಿರಜಕ್ಕೆ ಸೇರಿತ್ತು. ಸಾತಾರೆಯ ಕಡೆಯ ಔಂಧ ಸಂಸ್ಥಾನಕ್ಕೆ ವಿಜಾಪುರ ಸೀಮೆಯ ಗುಣದಾಳ ಸೇರಿತ್ತು. ಜಮಖಂಡಿಯ ವಿಸ್ತಾರ ಸುಮಾರು 520 ಚದರ ಮೈಲಿ, ರಾಮದುರ್ಗದ್ದು 170. ಸವಣೂರಿನದು 70 ಮಾತ್ರ. ಹೀಗಿದ್ದರೂ ಪ್ರತಿಯೊಂದಕ್ಕೂ ತನ್ನದೇ ಆದ ನ್ಯಾಯಾಲಯ, ಪೋಲೀಸು, ಕಾರಭಾರಿ ಇರಬೇಕಾಗಿತ್ತು. ಒಂದು ಊರಿನ ರೈತನು ಪಕ್ಕದ ಊರಿನ ಸಂತೆಗೆ ಹೋಗುವಾಗ ಬೇರೊಂದು ಸರಕಾರದ ಎಲ್ಲೆಯನ್ನು ದಾಟಬೇಕಾಗುತ್ತಿತ್ತು.

ಪ್ರಜೆಗಳು ಇದನ್ನು ಸುಮ್ಮನೆ ಸಹಿಸಿದರೆಂದಲ್ಲ. 1939ರಲ್ಲಿ ಔಂಧದ ಭವಾನರಾವ ಪಂತಪ್ರತಿನಿಧಿಯವರು ಗಾಂಧೀಜಿಯವರ ಸಲಹೆಯಂತೆ ಗ್ರಾಮಪಂಚಾಯತಿಗಳ ತಳಹದಿಯ ಮೇಲೆ ಹೊಸ ಸಂವಿಧಾನವನ್ನು ಕೊಟ್ಟರು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ರಾಮದುರ್ಗದಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧ. ಅಲ್ಲಿ ಪ್ರಜಾಸಂಘದ ಮುಂದಾಳುಗಳನ್ನು ಬಂಧಿಸಿದುದರಿಂದ ಕೆರಳಿದ ಜನ ಸೆರೆಮನೆಯ ಮೇಲೆ ಏರಿಹೋದರು, ಪೋಲೀಸರು ಕೊಲೆಗೀಡಾದರು. ಜನರಿಗೆ ಹೊಣೆಗಾರಿಕೆಯನ್ನು ಕೊಟ್ಟ ಸಂಸ್ಥಾನವೊಂದು, ಕೊಡದೆ ಕಾಲ ನೂಕಿದ ಸಂಸ್ಥಾನವೊಂದು, ಒಂದೇ ವರ್ಷದಲ್ಲಿ ಅಕ್ಕಪಕ್ಕದಲ್ಲಿ ಕಾಣಿಸಿಕೊಂಡಂತಾಯಿತು.

ಸಂಸ್ಥಾನಿಕರಿಗೂ ತಾವು ಬಿಡಿಬಿಡಿಯಾಗಿ ಬಾಳುವಂತಿಲ್ಲವೆಂಬುದು ತಿಳಿದಿತ್ತು. 1946ರ ಜುಲೈಯಲ್ಲಿ ದಖ್ಖಣದ ಕೆಲವು ಸಂಸ್ಥಾನಿಕರು ಪುಣೆಯಲ್ಲಿ ಗಾಂಧೀಜಿಯವರನ್ನು ಕಂಡು, ತಮ್ಮ ಸಂಸ್ಥಾನಗಳ ಒಕ್ಕೂಟದ ಯೋಜನೆಯನ್ನು ಅವರ ಮುಂದಿಟ್ಟರು. ಒಕ್ಕೂಟವು ಅರಸರ ರಕ್ಷಣೆಗಾಗಿ ಇರಬಾರದು, ಪ್ರಜೆಗಳ ಅಧಿಕಾರವೇ ಅದರ ಆಧಾರವಾಗಬೇಕು ಎಂಬುದು ಗಾಂಧೀಜಿಯವರ ಅಭಿಪ್ರಾಯದ ತಿರುಳು. ಔಂಧ, ಭೋರ, ಫಲಟಣ ಮೊದಲಾದ ಸಂಸ್ಥಾನಗಳು 1947ರಲ್ಲಿ ಸಂಯುಕ್ತ ದಖ್ಖಣ ಸಂಸ್ಥಾನದ ರಚನೆಗೆ ತೊಡಗಿದವು. ಜಮಖಂಡಿಯ ಶಂಕರರಾವ ಪಟವರ್ಧನರ ದಾರಿ ಬೇರೆ. ಅವರು ಮುಂಬಯಿ ಪ್ರಾಂತದಲ್ಲಿ ನೇರವಾಗಿ ವಿಲೀನವಾಗಲು ಮೊದಲಲ್ಲಿಯೇ ಮುಂದೆ ಬಂದರು. ಅಲ್ಲಿ ಮಂತ್ರಿಮಂಡಲದ ಮುಖ್ಯರಾಗಿದ್ದ ಬಿ. ಡಿ. ಜತ್ತಿಯವರು ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ಭಾರತದ ಉಪರಾಷ್ಟ್ರಪತಿಗಳೂ ಆದರು.

ಒಕ್ಕೂಟದ ಯೋಜನೆ ಬೇರೂರುವ ಮೊದಲೇ ಅದಕ್ಕೆ ಬಲವಾದ ಪೆಟ್ಟು ಬಿದ್ದಿತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಹಂತಕನು ಪುಣೆಯ ಬ್ರಾಹ್ಮಣನೆಂಬ ಸುದ್ದಿ ಹರಡಿದೊಡನೆ ಪುಣೆ, ಸಾತಾರೆ, ಕೊಲ್ಲಾಪುರ, ಸಾಂಗಲಿ ಮೊದಲಾದ ಕಡೆಗಳಲ್ಲಿ ಆ ಜಾತಿಯ ನಿರಪರಾಧಿಗಳ ಮನೆಗಳಿಗೂ ಅಂಗಡಿಗಳಿಗೂ ಬೆಂಕಿ ಬಿದ್ದಿತು. ಪಟವರ್ಧನ ಅರಸರೂ ಅದೇ ಜಾತಿಯವರಾದುದರಿಂದ ಅವರ ಸ್ಥಿತಿ ಇನ್ನಷ್ಟು ಕಠಿಣವಾಯಿತು. ಬೆರಳೆಣಿಕೆಯ ಪೋಲೀಸರಿದ್ದ ಸಂಸ್ಥಾನಗಳು ತಮ್ಮ ಪ್ರಜೆಗಳ ಪ್ರಾಣವನ್ನೂ ಮನೆಮಾರನ್ನೂ ಕಾಪಾಡಲಾರವೆಂಬುದು ಆಗ ಮುಚ್ಚುಮರೆಯಿಲ್ಲದೆ ಪ್ರಕಟವಾಯಿತು. ಪ್ರಜೆಯನ್ನು ರಕ್ಷಿಸಲಾರದ ಅಧಿಕಾರಕ್ಕೆ ಅಧಿಕಾರವೆಂಬ ಹೆಸರು ಉಳಿಯುವುದಿಲ್ಲ. ಸಂಸ್ಥಾನ ಖಾತೆಯ ಕಾರ್ಯದರ್ಶಿ ವಿ. ಪಿ. ಮೆನನ್ನರು ಫೆಬ್ರವರಿಯಲ್ಲಿ ಕೊಲ್ಲಾಪುರಕ್ಕೆ ಬಂದು ಸಂಸ್ಥಾನಿಕರೊಡನೆ ಮಾತುಕತೆ ನಡೆಸಿದರು. 1948ರ ಮಾರ್ಚ್ 8ರಂದು ಈ ಸಂಸ್ಥಾನಗಳ ಆಡಳಿತವು ಮುಂಬಯಿ ಸರಕಾರದ ಕೈಸೇರಿತು. ಕೊಲ್ಲಾಪುರ ಮಾತ್ರ ಮತ್ತೊಂದು ವರ್ಷ ಪ್ರತ್ಯೇಕವಾಗಿ ಉಳಿದು 1949ರ ಮಾರ್ಚ್ 1ರಂದು ವಿಲೀನವಾಯಿತು.

ವಿಲೀನದ ಒಪ್ಪಂದಗಳಲ್ಲಿ ಅರಸರ ರಾಜಧನ, ಖಾಸಗಿ ಆಸ್ತಿ, ಮಾನಮರ್ಯಾದೆ, ಉತ್ತರಾಧಿಕಾರ ಇವುಗಳಿಗೆ ಸ್ಪಷ್ಟವಾದ ಕಲಮುಗಳಿದ್ದವು. ಓರಿಸ್ಸಾ ಮತ್ತು ಛತ್ತೀಸಗಢದ ಸಂಸ್ಥಾನಗಳಿಗಾಗಿ 1947ರ ಡಿಸೆಂಬರದಲ್ಲಿ ಗೊತ್ತುಪಡಿಸಿದ ರಾಜಧನದ ಸೂತ್ರವೇ ಅನಂತರದ ವಿಲೀನಗಳಿಗೆ ಸಾಮಾನ್ಯವಾಗಿ ಮಾದರಿಯಾಯಿತು: ವಾರ್ಷಿಕ ಉತ್ಪನ್ನದ ಮೊದಲ ಒಂದು ಲಕ್ಷಕ್ಕೆ ಶೇಕಡಾ 15, ಮುಂದಿನ ನಾಲ್ಕು ಲಕ್ಷಕ್ಕೆ ಶೇಕಡಾ 10, ಅದರಾಚೆಗೆ ಶೇಕಡಾ 7½. ಈ ಲೆಕ್ಕದಂತೆ ಹತ್ತು ಲಕ್ಷ ರೂಪಾಯಿ ಉತ್ಪನ್ನದ ಸಂಸ್ಥಾನದ ಅರಸನಿಗೆ ವರ್ಷಕ್ಕೆ 92,500 ರೂಪಾಯಿ ಸಲ್ಲುವುದು. ಸಣ್ಣ ಸಂಸ್ಥಾನಕ್ಕೆ ಹೆಚ್ಚಿನ ಪ್ರಮಾಣ, ದೊಡ್ಡದಕ್ಕೆ ಕಡಿಮೆ ಪ್ರಮಾಣ. ಇದು ವಿವೇಕದ ಲೆಕ್ಕವೇ ಸರಿ. ಈ ರಾಜಧನವು 1971ರ ಸಂವಿಧಾನ ತಿದ್ದುಪಡಿಯಿಂದ ರದ್ದಾಯಿತು. ಆದರೆ ಪ್ರಜೆಗಳ ಭಾಷೆಗಾಗಿ ಆ ಒಪ್ಪಂದಗಳಲ್ಲಿ ಕಲಮಿರಲಿಲ್ಲ. ದೇಶದ ಏಕತೆಯೇ ಸಂಶಯದಲ್ಲಿದ್ದ ಆ ದಿನಗಳಲ್ಲಿ ಭಾಷೆಯ ಪ್ರಶ್ನೆಯನ್ನು ಮುಂದೂಡುವುದೇ ಕೇಂದ್ರದ ಧೋರಣೆಯಾಗಿತ್ತು.

ಹಾಗೆ ಮುಂದೂಡಿದ ಪ್ರಶ್ನೆಗೆ ಕಂದಾಯ ಖಾತೆಯು ತನಗರಿವಿಲ್ಲದೆಯೇ ಅರ್ಧ ಉತ್ತರವನ್ನು ಬರೆದಿಟ್ಟಿತು. ಸಂಸ್ಥಾನಗಳ ತುಣುಕುಗಳನ್ನು ಆಯಾ ನೆರೆಯ ಜಿಲ್ಲೆಗಳಿಗೆ ಹಂಚಲಾಯಿತು. ಜಮಖಂಡಿ, ಮುಧೋಳಗಳು ವಿಜಾಪುರಕ್ಕೂ, ರಾಮದುರ್ಗ ಬೆಳಗಾವಿಗೂ, ಸವಣೂರು, ಶಿರಹಟ್ಟಿ, ಕುಂದಗೋಳಗಳು ಧಾರವಾಡಕ್ಕೂ ಸೇರಿದವು. ಅಕ್ಕಲಕೋಟೆಯು ಸೊಲ್ಲಾಪುರಕ್ಕೂ, ಜತ್ತವು 1960ರಲ್ಲಿ ಸಾಂಗಲಿಯೆಂಬ ಹೆಸರು ಪಡೆದ ದಕ್ಷಿಣ ಸಾತಾರಾ ಜಿಲ್ಲೆಗೂ ಹೋದವು. ಎಲ್ಲವೂ ಮುಂಬಯಿ ಪ್ರಾಂತದೊಳಗೇ ಇದ್ದುದರಿಂದ ಅಂದು ಇದು ಕೇವಲ ಕಚೇರಿಯ ಅನುಕೂಲದ ಮಾತಾಗಿ ಕಂಡಿತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಬಹುಮಟ್ಟಿಗೆ ಜಿಲ್ಲೆಯೇ ಘಟಕವಾಯಿತು. ಚಂದಗಡ ತಾಲೂಕನ್ನುಳಿದು ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡಗಳು ಮೈಸೂರು ರಾಜ್ಯವನ್ನು ಸೇರಿದವು. ಕನ್ನಡಿಗರು ಬಹುಸಂಖ್ಯೆಯಲ್ಲಿದ್ದ ಅಕ್ಕಲಕೋಟೆಯ ಸೀಮೆಯೂ ಜತ್ತದ ಪೂರ್ವಭಾಗವೂ ಮುಂಬಯಿಯಲ್ಲಿಯೇ ಉಳಿದವು. ಕಚೇರಿಯ ಗೆರೆಯು ರಾಜ್ಯದ ಗಡಿಯಾಗಿ ಪರಿಣಮಿಸಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಅಕ್ಕಲಕೋಟೆಯನ್ನೂ ಜತ್ತದ ಕೆಲವು ಹಳ್ಳಿಗಳನ್ನೂ ಮೈಸೂರಿಗೆ ಸೇರಿಸುವಂತೆ, ಬೆಳಗಾವಿ ಜಿಲ್ಲೆಯ ಹಲವು ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡುವಂತೆ 1967ರಲ್ಲಿ ಶಿಫಾರಸು ಮಾಡಿತು. ಮಹಾರಾಷ್ಟ್ರವು ಆ ವರದಿಯನ್ನು ಒಪ್ಪಲಿಲ್ಲ.

ಇದರಿಂದ ವಿಲೀನವೇ ತಪ್ಪಾಗಿತ್ತೆಂದು ಹೇಳಲಾಗದು. ವಿಲೀನದಿಂದಲೇ ಶಿರಹಟ್ಟಿ, ಕುಂದಗೋಳ, ಲಕ್ಷ್ಮೇಶ್ವರಗಳು ತಮ್ಮ ಸುತ್ತಲಿನ ಕನ್ನಡ ಸೀಮೆಯೊಡನೆ ಒಂದಾದವು. ಸಂಸ್ಥಾನಗಳ ಕಾಲದ ಜಹಗೀರುಗಳನ್ನು ರದ್ದುಪಡಿಸುವ ಮುಂಬಯಿಯ 1953ರ ಕಾಯದೆಯ ಪ್ರಯೋಜನ ಅಲ್ಲಿನ ರೈತನಿಗೆ ದೊರೆತುದೂ ವಿಲೀನದಿಂದಲೇ. ವಿಭಜನೆಯ ರಕ್ತಪಾತ ಉತ್ತರದಲ್ಲಿ ಇನ್ನೂ ಆರದಿದ್ದಾಗ ಮುಸಲ್ಮಾನ ನವಾಬರ ಸವಣೂರೂ ಹಿಂದೂ ಅರಸರ ಜಮಖಂಡಿಯೂ ಒಂದೇ ಏರ್ಪಾಡಿಗೆ ಒಳಪಟ್ಟುದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ರಾಷ್ಟ್ರನಿರ್ಮಾಣದ ಅವಸರದಲ್ಲಿ ಅರಸರ ಪಾಲಿನ ಲೆಕ್ಕವು ಅರ್ಧ ಶೇಕಡಾದವರೆಗೆ ಆಯಿತು. ಪ್ರಜೆಯ ಭಾಷೆಯ ಲೆಕ್ಕ ಬಾಕಿ ಉಳಿಯಿತು. ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳ ಪ್ರಶ್ನೆ ಆ ಬಾಕಿಯ ಒಂದು ಅಂಶ.