ಭಯದಿಂದ ಗೌರವದೆಡೆಗೆ: ಅಶೋಕನ ಕಳಿಂಗ ಶಾಸನಗಳು

ಅಂಜಿ ತಲೆಬಾಗುವುದು ಬೇರೆ, ಗೌರವದಿಂದ ತಲೆಬಾಗುವುದು ಬೇರೆ. ಹೊರನೋಟಕ್ಕೆ ಎರಡೂ ಒಂದೇ ಆಗಿ ಕಾಣುವುದರಿಂದ, ಅಧಿಕಾರದಲ್ಲಿರುವವರು ಮೊದಲನೆಯದನ್ನೇ ಎರಡನೆಯದೆಂದು ಭ್ರಮಿಸುವುದುಂಟು. ಈ ಭ್ರಮೆಯಿಂದ ಹೊರಬರಲು ಯತ್ನಿಸಿದ ಅರಸರಲ್ಲಿ ಮೌರ್ಯ ಚಕ್ರವರ್ತಿ ಅಶೋಕನು ಪ್ರಮುಖನು.

ಪಟ್ಟಾಭಿಷೇಕವಾಗಿ 8 ವರ್ಷ ಕಳೆದ ಮೇಲೆ, ಕ್ರಿ.ಪೂ. 261ರ ಸುಮಾರಿಗೆ, ಅವನು ಕಳಿಂಗವನ್ನು ಗೆದ್ದನು. ಆ ಯುದ್ಧದಲ್ಲಿ 1,00,000 ಜನರು ಹತರಾದರೆಂದೂ 1,50,000 ಜನರನ್ನು ಸೆರೆಹಿಡಿದು ಸಾಗಿಸಲಾಯಿತೆಂದೂ ಅವನ 13ನೆಯ ಬಂಡೆಶಾಸನವು ತಿಳಿಸುತ್ತದೆ. ಗೆದ್ದವನೇ ತನ್ನ ಗೆಲುವಿನ ನಷ್ಟವನ್ನು ಲೆಕ್ಕಹಾಕಿ, ಪಶ್ಚಾತ್ತಾಪದೊಡನೆ ಕಲ್ಲಿನಲ್ಲಿ ಬರೆಯಿಸಿದ ನಿದರ್ಶನ ಅಪರೂಪವಾದುದು.

ಆದರೆ ಕಳಿಂಗದೊಳಗಿನ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ 13ನೆಯ ಶಾಸನವಿಲ್ಲ; ಅಲ್ಲಿ ಎರಡು ಪ್ರತ್ಯೇಕ ಶಾಸನಗಳಿವೆ. ನೊಂದವರ ಕಣ್ಣೆದುರಿಗೆ ಸಾವಿನ ಲೆಕ್ಕವನ್ನಿಡುವುದು ಉಚಿತವಲ್ಲವೆಂದು ಅರಸನು ಭಾವಿಸಿರಬೇಕೆಂಬುದು ವಿದ್ವಾಂಸರ ಊಹೆ. ಈ ಪ್ರತ್ಯೇಕ ಶಾಸನಗಳ ಭಾಗಗಳು ಕನ್ನಡ ನಾಡಿನ ಸನ್ನತಿಯಲ್ಲಿಯೂ 1980ರ ದಶಕದಲ್ಲಿ ಬೆಳಕಿಗೆ ಬಂದವು. ಭೀಮಾ ತೀರದ ಆ ಗ್ರಾಮದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯ ಮೇಲೆ ಅವು ಕೆತ್ತಲ್ಪಟ್ಟಿದ್ದವು.

ಈ ಎರಡರಲ್ಲಿ ಒಂದು, ಗೆಲ್ಲದೆ ಉಳಿದ ಗಡಿಯಾಚೆಯ ಜನರನ್ನು ಕುರಿತದ್ದು. ಅರಸನ ಮನದಲ್ಲಿ ಏನಿದೆಯೋ ಎಂದು ಅವರು ಶಂಕಿಸಬಾರದು. ಕ್ಷಮಿಸಬಹುದಾದುದನ್ನು ಅವನು ಕ್ಷಮಿಸುವನು. ತಂದೆಯಂತಿರುವ ಅವನಲ್ಲಿ ಅವರು ಭಯವಿಲ್ಲದೆ ವಿಶ್ವಾಸವಿಡಬೇಕು ಎಂಬುದು ಅದರ ಆಶಯ. ಇನ್ನೊಂದು ನಗರದ ನ್ಯಾಯಾಧಿಕಾರಿಗಳಿಗೆ ನೀಡಿದ ಆದೇಶ. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಸಾರುವ ಅರಸನು, ಕಾರಣವಿಲ್ಲದೆ ಸೆರೆಗೂ ಹಿಂಸೆಗೂ ಒಳಗಾಗುವವರಿದ್ದಾರೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯ, ಬಳಲಿಕೆ ಮುಂತಾದವು ಅಧಿಕಾರಿಯನ್ನು ದಾರಿ ತಪ್ಪಿಸುತ್ತವೆಂದು ಎಚ್ಚರಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, 5 ವರ್ಷಗಳಿಗೊಮ್ಮೆ ಸೌಮ್ಯ ಸ್ವಭಾವದ ಅಧಿಕಾರಿಯನ್ನು ತಪಾಸಣೆಗೆ ಕಳುಹಿಸುವ ವ್ಯವಸ್ಥೆಯನ್ನು ಮಾಡುತ್ತಾನೆ. ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿಸಬೇಕು. ಕೇಳುವವನು ಒಬ್ಬನೇ ಇದ್ದರೂ ಓದಬಹುದೆಂದು ವಿಧಿಸುತ್ತಾನೆ.

ಇಲ್ಲಿಯೇ ಅಶೋಕನ ವಿವೇಕ ಕಾಣುತ್ತದೆ. ಪ್ರಜೆಯ ಭಯವು ದೂರದ ಸಿಂಹಾಸನಕ್ಕಿಂತ ಹೆಚ್ಚಾಗಿ ಹತ್ತಿರದ ಅಧಿಕಾರಿಯ ಕೋಪದಿಂದ ಹುಟ್ಟುತ್ತದೆಂಬುದನ್ನು ಅವನು ಅರಿತಿದ್ದನು. ಆದುದರಿಂದಲೇ ಗೌರವಿಸಿರೆಂದು ಪ್ರಜೆಗಳಿಗೆ ಆಜ್ಞಾಪಿಸುವ ಬದಲು, ಸಂಯಮವನ್ನು ಕಲಿಯಿರೆಂದು ಅಧಿಕಾರಿಗಳಿಗೆ ಆಜ್ಞಾಪಿಸಿದನು.

ಹಾಗೆಂದು ಅವನು ದಂಡವನ್ನು ಸಂಪೂರ್ಣವಾಗಿ ತ್ಯಜಿಸಲಿಲ್ಲ. ಗೆದ್ದ ಕಳಿಂಗವನ್ನು ಹಿಂದಿರುಗಿಸಲಿಲ್ಲ. ಪಶ್ಚಾತ್ತಾಪವನ್ನು ಹೇಳಿಕೊಂಡ ಅದೇ 13ನೆಯ ಶಾಸನದಲ್ಲಿ, ತನಗೆ ದಂಡಿಸುವ ಶಕ್ತಿಯೂ ಇದೆಯೆಂದು ಅರಣ್ಯವಾಸಿಗಳಿಗೆ ನೆನಪಿಸಿದ್ದಾನೆ. ಭಯವನ್ನು ಬಿಟ್ಟು ಆಳುವುದು ಅಂಥ ಚಕ್ರವರ್ತಿಗೂ ಸುಲಭವಾಗಿರಲಿಲ್ಲ.

ಮನೆಯ ಹಿರಿಯರು, ಅಂಗಡಿಯ ಯಜಮಾನರು, ಧರ್ಮಸಂಸ್ಥೆಗಳ ಆಡಳಿತಗಾರರು ಇದರಿಂದ ಕಲಿಯಬೇಕಾದುದಿದೆ. ತಾವು ಬಂದಾಗ ಎಲ್ಲರೂ ಮೌನವಾದರೆ, ಆ ಮೌನ ಗೌರವದ್ದೋ ಭಯದ್ದೋ ಎಂದು ಪರೀಕ್ಷಿಸಿಕೊಳ್ಳಬೇಕು. ಹಣದ ಲೆಕ್ಕಕ್ಕೆ ವರ್ಷಕ್ಕೊಮ್ಮೆ ತಪಾಸಣೆ ಇರುವಂತೆ ನಡತೆಯ ಲೆಕ್ಕಕ್ಕೂ ತಪಾಸಣೆ ಬೇಕು. ಭಯಪಟ್ಟವನು ತಪ್ಪನ್ನು ಮುಚ್ಚಿಡುತ್ತಾನೆ. ಗೌರವಿಸುವವನು ತಪ್ಪನ್ನು ಹೇಳಿ ತಿದ್ದಿಕೊಳ್ಳುತ್ತಾನೆ.